ಠಾಣೆಯ ಶಿಲಾಹಾರರು: ನಮ್ಮ ಲೋಕಲ್ ಹಾದಿಯ ಒಂದು ರಾಜಮನೆತನ



ಕಳೆದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮ ಮುಗಿದ ಮೇಲೆ ವಿಕ್ರೋಳಿಯ ಕನ್ನಮವಾರ್ ನಗರದಿಂದ ಹಿರಿಯ ಕೇಳುಗರೊಬ್ಬರು ಫೋನ್ ಮಾಡಿದ್ದರು. ಅವರ ತಂದೆಯವರು ಹೊಟೇಲ್ ಕೆಲಸಕ್ಕೆಂದು ಊರು ಬಿಟ್ಟು ಮುಂಬಯಿಗೆ ಬಂದವರು. ಇವರು ಇಲ್ಲೇ ಹುಟ್ಟಿ, ಇಲ್ಲೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರು ಕೇಳಿದ್ದು ಇಷ್ಟು: "ಮೊಮ್ಮಗ ಶಾಲೆಯಿಂದ ಬಂದು, ಅಜ್ಜಾ, ನಾವು ಹೊರಗಿನವರಂತೆ, ಹೌದಾ ಅಂತ ಕೇಳಿದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಈ ಮುಂಬಯಿಯನ್ನು ಹಿಂದೆ ಕನ್ನಡದ ಅರಸರು ಆಳಿದ್ದರು ಎಂದು ಎಲ್ಲೋ ಕೇಳಿದ ನೆನಪು. ಅದು ನಿಜವಾ? ನಿಜವಾದರೆ ರೇಡಿಯೋದಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ."

ಹಾಡುಗಳ ನಡುವೆ ಸಿಗುವ ನಾಲ್ಕೈದು ನಿಮಿಷಗಳಲ್ಲಿ ಇದಕ್ಕೆ ಉತ್ತರ ಹೇಳಿದರೆ ಅದು ಘೋಷಣೆಯಾಗುತ್ತದೆಯೇ ಹೊರತು ಇತಿಹಾಸವಾಗುವುದಿಲ್ಲ. ಆದ್ದರಿಂದ ಆ ಹಿರಿಯರಿಗೂ ನಿಮಗೂ ಈ ಪತ್ರಿಕೆಯ ಮೂಲಕವೇ ಉತ್ತರಿಸುವುದು ಮೇಲು ಅನ್ನಿಸಿತು. ಸ್ವಲ್ಪ ಸಾವಧಾನವಾಗಿ ಓದಿ.

ಭಾಂಡೂಪಿನ ತಾಮ್ರಪಟ

ವಿಕ್ರೋಳಿಯಲ್ಲಿ ಠಾಣೆಯ ಕಡೆಗೆ ಹೋಗುವ ಸ್ಲೋ ಲೋಕಲ್ ಹತ್ತಿದರೆ ಮೊದಲು ಕಾಂಜೂರ್‌ಮಾರ್ಗ, ಆಮೇಲೆ ಭಾಂಡೂಪ್, ಅದರ ನಂತರ ನಾಹೂರ್. ನಾವು ದಿನವೂ ಸೀಟಿನ ಚಿಂತೆಯಲ್ಲಿ ದಾಟಿಹೋಗುವ ಸ್ಟೇಷನ್‌ಗಳಿವು. 19ನೆಯ ಶತಮಾನದಲ್ಲಿ ಈ ಭಾಂಡೂಪಿನಲ್ಲಿ ತಾಮ್ರದ ಹಲಗೆಗಳ ಮೇಲೆ ಕೊರೆದ ಒಂದು ದಾನಪತ್ರ ಸಿಕ್ಕಿತು. ಜರ್ಮನ್ ವಿದ್ವಾಂಸ ಬ್ಯೂಲರ್ ಅದನ್ನು ಸಂಪಾದಿಸಿ ಪ್ರಕಟಿಸಿದರು. ಅದರ ಕಾಲ ಶಕವರ್ಷ 948, ಅಂದರೆ ಕ್ರಿ.ಶ. 1026. ಸೂರ್ಯಗ್ರಹಣದ ಪುಣ್ಯಕಾಲದಲ್ಲಿ ಛಿತ್ತರಾಜ ಎಂಬ ಅರಸ ನೌರ ಎಂಬ ಹಳ್ಳಿಯಲ್ಲಿ ಒಂದು ಹೊಲವನ್ನು ದಾನ ಕೊಟ್ಟ ಸಂಗತಿ ಅದರಲ್ಲಿದೆ. ಆ ನೌರವೇ ಇಂದಿನ ನಾಹೂರ್. ನೌರ ಇದ್ದದ್ದು ಶ್ರೀಸ್ಥಾನಕಕ್ಕೆ ಸೇರಿದ ಷಟ್‌ಷಷ್ಟಿ ವಿಷಯದಲ್ಲಿ. ಶ್ರೀಸ್ಥಾನಕವೆಂದರೆ ಠಾಣೆ. ಷಟ್‌ಷಷ್ಟಿಯೆಂದರೆ ಅರವತ್ತಾರು ಹಳ್ಳಿಗಳ ನಾಡು. ಜನರ ಬಾಯಲ್ಲಿ ಅದು ಸಾಷ್ಟಿಯಾಯಿತು, ಪೋರ್ಚುಗೀಸರ ಬಾಯಲ್ಲಿ ಸಾಲ್ಸೆಟ್ ಆಯಿತು. ನಮ್ಮ ವಿಕ್ರೋಳಿ, ಘಾಟ್ಕೋಪರ್, ಮುಲುಂಡ್, ಅತ್ತ ಅಂಧೇರಿ, ಬೊರಿವಲಿ ಎಲ್ಲವೂ ಇರುವುದು ಇದೇ ಸಾಷ್ಟಿಯಲ್ಲಿ.

ಇನ್ನು ಆ ತಾಮ್ರಪಟದ ಹೆಸರುಗಳನ್ನು ನೋಡಿ. ದಾನ ಪಡೆದ ಬ್ರಾಹ್ಮಣ ಆಮದೇವಯ್ಯ, ನೋಡಮಯ್ಯನ ಮಗ. ಅರಸನ ಸರ್ವಾಧಿಕಾರಿ, ಅಂದರೆ ಮುಖ್ಯಮಂತ್ರಿ, ನಾಗಣಯ್ಯ. ಸಂಧಿ ಮತ್ತು ಯುದ್ಧದ ವ್ಯವಹಾರ ನೋಡುವ ಸಾಂಧಿವಿಗ್ರಹಿಕ ಸೀಹಪಯ್ಯ. ಇವನಲ್ಲದೆ ಕರ್ಣಾಟದೊಡನೆ ವ್ಯವಹರಿಸಲೆಂದೇ ಬೇರೊಬ್ಬ ಸಾಂಧಿವಿಗ್ರಹಿಕನಿದ್ದ. ಅವನ ಹೆಸರು ಕಪರ್ದಿ. ಶಾಸನದ ಭಾಷೆ ಸಂಸ್ಕೃತ, ಆದರೆ ಹೆಸರುಗಳ ಕೊನೆಯಲ್ಲಿ ನಮ್ಮ 'ಅಯ್ಯ' ಕುಳಿತಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ನಾಹೂರಿನ ಹೊಲದ ಲೆಕ್ಕ ಬರೆದಾಗ ಅಲ್ಲಿದ್ದ ಪ್ರಮುಖರನ್ನು ಜನ ಅಯ್ಯ ಎಂದು ಕರೆಯುತ್ತಿದ್ದರು.

ಈ ಛಿತ್ತರಾಜ ಉತ್ತರ ಕೊಂಕಣದ ಶಿಲಾಹಾರ ವಂಶದವನು.

ಯಾರು ಈ ಶಿಲಾಹಾರರು?

ಶಿಲಾಹಾರರಲ್ಲಿ ಮೂರು ಮನೆಗಳಿದ್ದವು. ಒಂದು ದಕ್ಷಿಣ ಕೊಂಕಣದ್ದು, ಗೋವೆಯ ಕಡೆಗೆ. ಇನ್ನೊಂದು ಕೊಲ್ಲಾಪುರ, ಪನ್ಹಾಳೆಯದು. ಮೂರನೆಯದು ನಮ್ಮ ಠಾಣೆಯದು. ಮೂವರೂ ತಮ್ಮನ್ನು ತಗರಪುರದ ಒಡೆಯರೆಂದು ಹೇಳಿಕೊಂಡರು. ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್ ಎಂಬ ಊರು. ಅವರು ಆಳಿದ ಕಾಲದಲ್ಲಿ ತಗರ ಅವರ ಕೈಯಲ್ಲಿರಲಿಲ್ಲ. ಆದರೂ ಪೂರ್ವಿಕರ ಊರಿನ ಹೆಸರನ್ನು ಬಿರುದಾಗಿ ಹೊತ್ತುಕೊಂಡೇ ಬಂದರು. ಮುಂಬಯಿಯಲ್ಲಿ ಮೂರು ತಲೆಮಾರು ಕಳೆದರೂ ಹೆಸರಿನ ಹಿಂದೆ ಊರಿನ ಹೆಸರು ಬಿಡದ ನಮಗೆ ಇದೇನೂ ವಿಚಿತ್ರವಾಗಿ ಕಾಣಬೇಕಿಲ್ಲ.

ವಂಶದ ಕಥೆಯೂ ಸೊಗಸಾಗಿದೆ. ವಿದ್ಯಾಧರರ ರಾಜಕುಮಾರ ಜೀಮೂತವಾಹನ ಗರುಡನಿಗೆ ಆಹಾರವಾಗಬೇಕಿದ್ದ ನಾಗನೊಬ್ಬನನ್ನು ಉಳಿಸಲು ತಾನೇ ಬಂಡೆಯ ಮೇಲೆ ಮಲಗಿ ಮೈಯೊಡ್ಡಿದ. ಹರ್ಷನ 'ನಾಗಾನಂದ' ನಾಟಕದ ಕಥೆ ಇದೇ. ಶಿಲೆಯ ಮೇಲೆ ಆಹಾರವಾದವನ ವಂಶ ಶಿಲಾಹಾರ ಎಂದು ಅವರ ಆಸ್ಥಾನದವರು ಅರ್ಥ ಕಟ್ಟಿದರು. ಧ್ವಜದ ಮೇಲೆ ಬಂಗಾರದ ಗರುಡನಿದ್ದ. ಕನ್ನಡ ಶಾಸನಗಳಲ್ಲಿ ಇವರ ಹೆಸರು ಸಿಲಾರ, ಸೆಲಾರ ಎಂದೂ ಬರುತ್ತದೆ. ಇದನ್ನು ಸಂಸ್ಕೃತಕ್ಕೆ ಒಗ್ಗಿಸಿ ಶಿಲಾಹಾರ ಮಾಡಿದ ಮೇಲೆ ಜೀಮೂತವಾಹನನ ಕಥೆಯನ್ನು ಜೋಡಿಸಿರಬೇಕು ಎಂಬ ಅಭಿಪ್ರಾಯವೂ ಇದೆ.

ಇವರ ಬಿರುದುಗಳಲ್ಲಿ ಗಂಡರಗಂಡ, ಮಲಗಲಗಂಡ, ನನ್ನಿಸಮುದ್ರ ಎಂಬಂಥವು ಬರುತ್ತವೆ. ನನ್ನಿ ಎಂದರೆ ಹಳಗನ್ನಡದಲ್ಲಿ ಸತ್ಯ. ನನ್ನಿಸಮುದ್ರ ಎಂದರೆ ಸತ್ಯದ ಕಡಲು. ಸಂಸ್ಕೃತ ಶಾಸನದ ನಡುವೆ ಇಂಥ ಮಾತು ಎದುರಾದರೆ ಕನ್ನಡ ಓದಿದವರಿಗೆ ಪರಊರಿನ ಪ್ಲಾಟ್‌ಫಾರ್ಮಿನಲ್ಲಿ ನೆಂಟರು ಸಿಕ್ಕಂತಾಗುತ್ತದೆ. ಹೆಸರು ಮತ್ತು ಬಿರುದುಗಳ ಆಧಾರದಿಂದಲೇ ಶಿಲಾಹಾರರ ಮನೆಮಾತು ಮೂಲದಲ್ಲಿ ಕನ್ನಡವಾಗಿತ್ತು ಎಂದು ಅಳತೇಕರ್ ಮತ್ತು ಮಿರಾಶಿಯವರಂಥ ಇತಿಹಾಸಕಾರರು ಹೇಳಿದ್ದಾರೆ. ಇವರಿಬ್ಬರೂ ಮರಾಠಿ ನಾಡಿನವರು. ಸತ್ಯ ಕಂಡಲ್ಲಿ ಹೇಳಲು ಅವರು ಹಿಂಜರಿಯಲಿಲ್ಲ ಎಂಬುದನ್ನು ನಾವು ಗೌರವದಿಂದ ನೆನೆಯಬೇಕು.

ನೃಪತುಂಗನ ಮಾಂಡಲಿಕರು

ಕ್ರಿ.ಶ. 800ರ ಸುಮಾರಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದ ಉತ್ತರ ಕೊಂಕಣವನ್ನು ಮೊದಲನೆಯ ಕಪರ್ದಿಗೆ ವಹಿಸಿಕೊಟ್ಟ. ಸಹ್ಯಾದ್ರಿಗೂ ಅರಬ್ಬಿ ಸಮುದ್ರಕ್ಕೂ ನಡುವಿನ ಕಿರಿದಾದ ಪಟ್ಟಿ ಅದು. ಶಾಸನಗಳು ಅದನ್ನು ಪುರಿ ಮೊದಲಾದ 1400 ಹಳ್ಳಿಗಳ ನಾಡು ಎನ್ನುತ್ತವೆ. ಪುರಿ ಎಂದರೆ ಘಾರಾಪುರಿಯೋ, ಜಂಜಿರಾ ಬಳಿಯ ರಾಜಪುರಿಯೋ ಎಂದು ವಿದ್ವಾಂಸರ ವಾದ ಇನ್ನೂ ನಡೆದಿದೆ.

ಕಪರ್ದಿಯ ಮಗ ಪುಲ್ಲಶಕ್ತಿ. ಅವನ ಹೆಸರು ಎಲ್ಲಿದೆ ಗೊತ್ತೇ? ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಯಲ್ಲಿ. ವಿಕ್ರೋಳಿಯಲ್ಲಿ ನಿಂತು ವಾಯವ್ಯಕ್ಕೆ ಮುಖ ಮಾಡಿದರೆ ಕಾಣುವ ಗುಡ್ಡಸಾಲಿನ ಆಚೆಗೆ. ಅಲ್ಲಿನ ಶಕ 765ರ, ಅಂದರೆ 843ರ ಶಾಸನ ಪುಲ್ಲಶಕ್ತಿಯನ್ನು ಅಮೋಘವರ್ಷನ ಕೃಪೆಯಿಂದ ಕೊಂಕಣ ಆಳುವವನು ಎಂದು ಕರೆಯುತ್ತದೆ. ಅವನ ಮಗ ಎರಡನೆಯ ಕಪರ್ದಿಯ ಕಾಲದ ಇನ್ನೂ ಎರಡು ಶಾಸನಗಳು ಅಲ್ಲೇ ಇವೆ. ಕೊನೆಯದು ಶಕ 799ರದು, ಅಂದರೆ 877ರ ಸುಮಾರಿನದು.

ಈ ಅಮೋಘವರ್ಷ ಬೇರೆ ಯಾರೂ ಅಲ್ಲ, ನಮ್ಮ ನೃಪತುಂಗ. ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' ರೂಪುಗೊಂಡದ್ದು ಅವನ ಆಸ್ಥಾನದಲ್ಲಿ, ಇದೇ ದಶಕಗಳಲ್ಲಿ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಆ ಗ್ರಂಥ ಹೇಳುವುದನ್ನು ಬಿ.ಎ. ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ. ಅದೇ ಹೊತ್ತಿಗೆ ಆ ಅರಸನ ಹೆಸರನ್ನು ಬೊರಿವಲಿಯ ಬಂಡೆಯ ಮೇಲೂ ಕೊರೆಯಲಾಗಿತ್ತು ಎಂಬುದು ನನಗೆ ತಿಳಿದದ್ದು ಮುಂಬಯಿಗೆ ಬಂದ ಮೇಲೆ.

ಕಾನ್ಹೇರಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ಕಾಲದ ಒಂದು ಶಾಸನದ ದಾನಿ ಅವಿಘ್ನಾಕರ ಎಂಬ ಬೌದ್ಧ. ಅವನು ಗೌಡ ದೇಶದವನು, ಅಂದರೆ ಬಂಗಾಳದ ಕಡೆಯವನು. ಭಿಕ್ಷುಗಳ ಅನುಕೂಲಕ್ಕಾಗಿ 100 ದ್ರಮ್ಮಗಳನ್ನು ಠೇವಣಿಯಿಟ್ಟ. ಅರಸರು ಶಿವಭಕ್ತರು, ಅವರ ಹೆಸರುಗಳಲ್ಲಿ ಕನ್ನಡದ ಛಾಯೆ, ಅವರ ಚಕ್ರವರ್ತಿ ಜೈನರಿಗೆ ಒಲಿದವನು, ದಾನ ಕೊಟ್ಟವನು ಬಂಗಾಳದ ಬೌದ್ಧ. ಮುಂದೆ ಸುಮಾರು 916ರಲ್ಲಿ ಅರಬ್ ಪ್ರವಾಸಿ ಅಲ್ ಮಸೂದಿ ಇಂದಿನ ಅಲಿಬಾಗ್ ಬಳಿಯ ಚೌಲಿಗೆ ಬಂದಾಗ ಅಲ್ಲಿ ಸುಮಾರು ಹತ್ತು ಸಾವಿರ ಮುಸಲ್ಮಾನರು ನೆಲೆಸಿದ್ದನ್ನು ಬರೆದಿಟ್ಟ. ಆಗ ಆಳುತ್ತಿದ್ದ ಅರಸ ಝಂಝನ ಹೆಸರನ್ನೂ ಹೇಳಿದ್ದಾನೆ. ಎಲ್ಲ ಕಡೆಯ ಜನ ಬಂದು ಬದುಕುವ ಊರಾಗುವ ಗುಣ ಈ ಕರಾವಳಿಗೆ ಹೊಸತಲ್ಲ.

ಬಿದ್ದುಹೋದ ಸಾಮ್ರಾಜ್ಯದ ನಿಷ್ಠೆ

973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರ ಕೊನೆಯ ಅರಸ ಕಕ್ಕಲನನ್ನು ಸೋಲಿಸಿದ. ಮಾಂಡಲಿಕರೆಲ್ಲ ಹೊಸ ಒಡೆಯನಿಗೆ ತಲೆಬಾಗುವ ಹೊತ್ತು. ಠಾಣೆಯ ಶಿಲಾಹಾರ ಅಪರಾಜಿತ ಹಾಗೆ ಮಾಡಲಿಲ್ಲ. ಭಿವಂಡಿ ಬಳಿಯ ಭಾದಾಣೆಯ ಅವನ ತಾಮ್ರಪಟದ ಕಾಲ ಶಕ 919, ಅಂದರೆ 997. ಸಾಮ್ರಾಜ್ಯ ಬಿದ್ದು 24 ವರ್ಷ ಕಳೆದಿತ್ತು. ಆದರೂ ಅದರಲ್ಲಿ ಮೊದಲು ಬರುವುದು ರಾಷ್ಟ್ರಕೂಟರ ವಂಶಾವಳಿ. ಅವರ ರಾಜ್ಯ ತೈಲಪನಿಂದ ನಾಶವಾಗಿ ಈಗ ನೆನಪು ಮಾತ್ರ ಉಳಿದಿದೆ ಎಂಬ ವಿಷಾದವೂ ಇದೆ. ಸತ್ತ ಒಡೆಯನಿಂದ ಯಾವ ಲಾಭವೂ ಇರಲಿಲ್ಲ. ಅಂಥವನ ಹೆಸರನ್ನು ತನ್ನ ಖರ್ಚಿನ ತಾಮ್ರದ ಮೇಲೆ ಮೊದಲು ಬರೆಸಿದ ಅರಸ ಅಪರಾಜಿತ.

ಇಂಥದ್ದೇ ಒಂದು ಮನೆತನ ಬಹು ದೂರದಲ್ಲಿತ್ತು. ಕಪ್ಪು ಸಮುದ್ರದ ದಕ್ಷಿಣ ದಡದಲ್ಲಿ, ಬೆಟ್ಟಕ್ಕೂ ಕಡಲಿಗೂ ನಡುವಿನ ಪಟ್ಟಿಯಲ್ಲಿ ಟ್ರೆಬಿಜಾಂಡ್ ಎಂಬ ಪುಟ್ಟ ಗ್ರೀಕ್ ಸಾಮ್ರಾಜ್ಯ. ಇಂದಿನ ಟರ್ಕಿಯ ಟ್ರಾಬ್ಜಾನ್ ನಗರವೇ ಅದರ ರಾಜಧಾನಿ. 1204ರಲ್ಲಿ ಯುರೋಪಿನ ಧರ್ಮಯೋಧರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಲೂಟಿ ಮಾಡಿದರು. ಅದೇ ವರ್ಷ ಹಳೆಯ ಚಕ್ರವರ್ತಿಯೊಬ್ಬನ ಮೊಮ್ಮಕ್ಕಳಾದ ಅಲೆಕ್ಸಿಯೋಸ್ ಮತ್ತು ಡೇವಿಡ್ ಕೊಮ್ನೆನೋಸ್ ಜಾರ್ಜಿಯಾದ ರಾಣಿ ತಮಾರಳ ನೆರವಿನಿಂದ ಟ್ರೆಬಿಜಾಂಡನ್ನು ಹಿಡಿದರು. ಆಳಿದ್ದು ಒಂದು ಕರಾವಳಿ ಪಟ್ಟಿ. ಹೆಸರು ಮಾತ್ರ ಮಹಾ ಕೊಮ್ನೆನೋಸ್, ಚಕ್ರವರ್ತಿ. ವ್ಯಾಪಾರದ ಸುಂಕ, ನೆರೆಯವರೊಡನೆ ಮದುವೆಯ ನಂಟು ಇವುಗಳ ಬಲದಿಂದ 257 ವರ್ಷ ಬಾಳಿದರು. 1461ರಲ್ಲಿ ಆಟೋಮನ್ ಸುಲ್ತಾನ ಎರಡನೆಯ ಮೆಹಮದ್ ನಗರವನ್ನು ವಶಪಡಿಸಿಕೊಂಡ. ಕೊನೆಯ ಚಕ್ರವರ್ತಿ ಡೇವಿಡ್ 1463ರಲ್ಲಿ ಕೊಲೆಯಾದ. ಟ್ರಾಬ್ಜಾನಿನ ಕೆಲವು ಕಣಿವೆಗಳಲ್ಲಿ ಇವತ್ತಿಗೂ ಗ್ರೀಕಿನ ಒಂದು ಹಳೆಯ ಆಡುಮಾತು ಉಳಿದಿದೆ.

ಗ್ರೀಕರ ಈ ಸಣ್ಣ ಸಾಮ್ರಾಜ್ಯದ ಬಗ್ಗೆ ಜಗತ್ತಿನಲ್ಲಿ ಸಾಕಷ್ಟು ಪುಸ್ತಕಗಳಿವೆ. ನಮ್ಮ ಠಾಣೆಯ ಮನೆತನ ಅದಕ್ಕಿಂತ ಹೆಚ್ಚು ಕಾಲ, ಸುಮಾರು 800ರಿಂದ 1265ರವರೆಗೆ, ಇದೇ ಸಾಷ್ಟಿಯನ್ನು ಆಳಿತು. ಇಂಗ್ಲಿಷರು ಮುಂಬಯಿಯನ್ನು ಕೈಗೆ ತೆಗೆದುಕೊಂಡದ್ದು 1665ರಲ್ಲಿ, ಬಿಟ್ಟುಹೋದದ್ದು 1947ರಲ್ಲಿ. ಲೆಕ್ಕ ಹಾಕಿ ನೋಡಿ. ನಾಲ್ಕೂವರೆ ಶತಮಾನಕ್ಕೂ ಹೆಚ್ಚು ಕಾಲ ಈ ನೆಲವನ್ನು ಆಳಿದವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಗುಡಿ, ಹಡಗು ಮತ್ತು ಧರ್ಮಶಾಸ್ತ್ರ

ಕಾಲು ಶತಮಾನವೂ ಕಳೆಯದೆ ಕೊಂಕಣದ ಮೇಲೆ ಮಾಳವದ ಭೋಜರಾಜನ ಕಣ್ಣು ಬಿತ್ತು. ಕೊಂಕಣ ಗೆದ್ದ ಸಂಭ್ರಮದಲ್ಲಿ 1020ರಲ್ಲಿ ಅವನು ದಾನಪತ್ರ ಕೊಟ್ಟಿದ್ದಾನೆ. ಆದರೆ ಶಿಲಾಹಾರರು ಚೇತರಿಸಿಕೊಂಡರು. ಭಾಂಡೂಪ್ ತಾಮ್ರಪಟದ ಛಿತ್ತರಾಜ, ಅವನ ತಮ್ಮಂದಿರಾದ ನಾಗಾರ್ಜುನ, ಮುಮ್ಮುಣಿ ಒಬ್ಬರಾದ ಮೇಲೆ ಒಬ್ಬರು ಆಳಿದರು. ಮುಮ್ಮುಣಿಯ ಕಾಲದಲ್ಲಿ, ಶಕ 982ರಲ್ಲಿ, ಅಂದರೆ 1060ರಲ್ಲಿ, ಅಂಬರನಾಥದ ಶಿವಾಲಯ ಪೂರ್ಣಗೊಂಡಿತು. ಗುಡಿಯ ಬಾಗಿಲ ತೊಲೆಯ ಮೇಲೆ ಶಾಸನವಿದೆ. ಕಪ್ಪು ಕಲ್ಲಿನ ಗೋಡೆಯ ತುಂಬ ಮೂರ್ತಿಗಳು. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು, ಬೇಸಿಗೆಯಲ್ಲೂ ಒಳಗೆ ತಂಪು. ವಿಕ್ರೋಳಿಯಿಂದ ಒಂದೇ ಲೋಕಲಿನಲ್ಲಿ ಹೋಗಿ ಸಂಜೆಯೊಳಗೆ ಮನೆಗೆ ಬರಬಹುದಾದ ಜಾಗ. ಹಳೇಬೀಡು, ಬೇಲೂರಿಗೆ ಮಕ್ಕಳನ್ನು ಕರೆದೊಯ್ಯುವ ನಾವು ಇಷ್ಟು ಹತ್ತಿರದ ಅಂಬರನಾಥವನ್ನು ನೋಡದೇ ಇರುತ್ತೇವೆ. ಬೇಲೂರಿನ ಚೆನ್ನಕೇಶವ ಗುಡಿಗಿಂತ ಇದು ಅರ್ಧ ಶತಮಾನದಷ್ಟು ಹಳೆಯದು.

ಮುಂದಿನ ಅರಸ ಅನಂತದೇವನ ಶಕ 1016ರ, ಅಂದರೆ 1094ರ ಸುಮಾರಿನ ಖಾರೇಪಾಟಣದ ತಾಮ್ರಪಟದಲ್ಲಿ ಕಡಲ ವ್ಯಾಪಾರದ ಚಿತ್ರವಿದೆ. ಭಾಭಣ ಶ್ರೇಷ್ಠಿ, ಧಣಾಮ ಶ್ರೇಷ್ಠಿ ಎಂಬ ಅಣ್ಣತಮ್ಮಂದಿರ ಹಡಗುಗಳು ಠಾಣೆ, ನಾಗಪುರ, ಶೂರ್ಪಾರಕ, ಚೇಮೂಲ್ಯ ಬಂದರುಗಳಿಗೆ ಬಂದಾಗ ಸುಂಕ ಕೇಳಬಾರದು ಎಂದು ಅರಸ ಬರೆಸಿಕೊಟ್ಟ. ಈ ನಾಗಪುರ ವಿದರ್ಭದ್ದಲ್ಲ, ಕರಾವಳಿಯ ಒಂದು ಬಂದರು. ಶೂರ್ಪಾರಕ ಇಂದಿನ ನಾಲಾ ಸೋಪಾರ. ಚೇಮೂಲ್ಯವೇ ಚೌಲ್. ಇಂದು ಎಕ್ಸ್‌ಪ್ರೆಸ್ ಹೈವೇಯ ಪಕ್ಕ ಕೆಸರು, ಕಾಂಡ್ಲಾ ಗಿಡಗಳ ನಡುವೆ ಕಾಣುವ ಠಾಣೆಯ ಖಾಡಿ ಅಂದು ಹಡಗುಗಳ ದಾರಿ.

ಹನ್ನೆರಡನೆಯ ಶತಮಾನದ ಅಪರಾದಿತ್ಯ ಕತ್ತಿಯ ಜೊತೆಗೆ ಲೇಖನಿಯನ್ನೂ ಹಿಡಿದವನು. ಯಾಜ್ಞವಲ್ಕ್ಯ ಸ್ಮೃತಿಗೆ 'ಅಪರಾರ್ಕ' ಎಂಬ ವ್ಯಾಖ್ಯಾನ ಅವನ ಹೆಸರಿನಲ್ಲಿದೆ. ಅವನು ಕಾಶ್ಮೀರದ ವಿದ್ವತ್ಸಭೆಗೆ ತೇಜಕಂಠ ಎಂಬ ಪಂಡಿತನನ್ನು ಕಳಿಸಿದ್ದನ್ನು ಕಾಶ್ಮೀರದ ಕವಿ ಮಂಖ 'ಶ್ರೀಕಂಠಚರಿತ'ದಲ್ಲಿ ಬರೆದಿದ್ದಾನೆ. ಅದೇ ಸ್ಮೃತಿಗೆ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರ' ಬರೆದದ್ದು ನಿಮಗೆ ಗೊತ್ತೇ ಇದೆ. ಎರಡೂ ವ್ಯಾಖ್ಯಾನಗಳು ಹೆಚ್ಚು ಅಂತರವಿಲ್ಲದ ಕಾಲದಲ್ಲಿ ಹುಟ್ಟಿದವು. ಅಂದಹಾಗೆ, ಆ ವಿಕ್ರಮಾದಿತ್ಯನ ರಾಣಿ ಚಂದಲದೇವಿ ಕರಹಾಟದ ಶಿಲಾಹಾರ ಮನೆತನದ ಹುಡುಗಿ. ಕೊಲ್ಲಾಪುರದ ಶಿಲಾಹಾರರ ಆಶ್ರಯದಲ್ಲಿ ಕನ್ನಡ ಕಾವ್ಯವೂ ಬೆಳೆಯಿತು. 'ನೇಮಿನಾಥಪುರಾಣ' ಬರೆದ ಕರ್ಣಪಾರ್ಯನಿಗೆ ಪೋಷಕನಾಗಿದ್ದವನು ಅಲ್ಲಿನ ಅರಸ ವಿಜಯಾದಿತ್ಯನ ಮಂತ್ರಿ.

ಈಗ ಕಹಿ ಮಾತು

ಇಲ್ಲಿಯವರೆಗೆ ಓದಿ ನೀವು ಎದೆಯುಬ್ಬಿಸಿಕೊಂಡಿದ್ದರೆ ಸ್ವಲ್ಪ ನಿಲ್ಲಿ. ಇತಿಹಾಸ ಒಂದು ಕಡೆಯನ್ನಷ್ಟೇ ತೋರಿಸುವುದಿಲ್ಲ.

ಠಾಣೆಯ ಶಿಲಾಹಾರರನ್ನು ಹೆಚ್ಚು ಕಾಡಿದವರು ಯಾರು? ಕನ್ನಡದವರೇ ಆದ ಗೋವೆಯ ಕದಂಬರು. ಕಪರ್ದಿಯ ಹೆಸರಿನಿಂದ ಬಂದ 'ಕವಡಿದ್ವೀಪ' ಎಂಬ ಹೆಸರಿನಲ್ಲಿ ಉತ್ತರ ಕೊಂಕಣವನ್ನು ತಮ್ಮದೆಂದು ಅವರು ಶಾಸನಗಳಲ್ಲಿ ಹೇಳಿಕೊಂಡರು. ಅಪರಾದಿತ್ಯ ಪಟ್ಟಕ್ಕೆ ಬರುವ ಮೊದಲು ಕದಂಬರು ಈ ನಾಡನ್ನು ಬಹುಪಾಲು ನುಂಗಿದ್ದರು. ಅವರನ್ನು ಹೊರದೂಡಿಯೇ ಅವನು ರಾಜ್ಯ ಉಳಿಸಿಕೊಳ್ಳಬೇಕಾಯಿತು. ಭಾಷೆ ಒಂದೇ ಎಂದು ಆ ಕಾಲದ ಅರಸರು ಕತ್ತಿ ಕೆಳಗಿಟ್ಟವರಲ್ಲ. ಭಾಂಡೂಪ್ ತಾಮ್ರಪಟದಲ್ಲಿ ಕರ್ಣಾಟಕ್ಕೆಂದು ಬೇರೆ ಸಾಂಧಿವಿಗ್ರಹಿಕ ಇದ್ದ ಎಂದೆನಲ್ಲ, ಅದರ ಅರ್ಥವೇನು? ಛಿತ್ತರಾಜನ ಹೊತ್ತಿಗೆ ಠಾಣೆಯವರಿಗೆ ಕರ್ಣಾಟ ಹೊರನಾಡಾಗಿತ್ತು.

ಎರಡನೆಯದಾಗಿ, ಇವರು ಠಾಣೆಯಲ್ಲಿ ಆಡಳಿತ ನಡೆಸಿದ್ದು ಕನ್ನಡದಲ್ಲಿ ಅಲ್ಲ. ದಾನಪತ್ರಗಳು ಸಂಸ್ಕೃತದಲ್ಲಿವೆ. ಬರಬರುತ್ತ ಅವುಗಳಲ್ಲಿ ನೆಲದ ಜನರ ಮಾತು ಕಾಣಿಸಿಕೊಂಡಿತು, ಅದು ಮರಾಠಿ. ಅಲಿಬಾಗ್ ಬಳಿಯ ಆಕ್ಷಿಯಲ್ಲಿ ಕೇಶಿದೇವನ ಹೆಸರಿರುವ ಕಲ್ಲನ್ನು ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುತ್ತಾರೆ. ಎರಡನೆಯ ಅಪರಾದಿತ್ಯನ ಕಾಲದ ಪರಳದ 1187ರ ಶಾಸನದಲ್ಲೂ ಕೊನೆಯ ಶಾಪದ ಮಾತು ಮರಾಠಿಯದು. ಕನ್ನಡದ ಹೆಸರು ಹೊತ್ತು ಬಂದ ಮನೆತನ ಇಲ್ಲಿನ ಜನರ ಮಾತಿಗೆ ಕಲ್ಲಿನ ಮೇಲೆ ಜಾಗ ಕೊಟ್ಟಿತು. ಅತ್ತ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಪಕ್ಕ ಚಾವುಂಡರಾಯ ಇದನ್ನು ಮಾಡಿಸಿದ ಎಂಬ ಸಾಲು ಕನ್ನಡದಲ್ಲಿದೆ, ತಮಿಳಿನಲ್ಲಿದೆ, ಮರಾಠಿಯಲ್ಲೂ ಇದೆ. ಮರಾಠಿಯ ಹಳೆಯ ಸಾಲು ನಮ್ಮ ಬೆಳಗೊಳದಲ್ಲಿ, ನಮ್ಮ ಅಯ್ಯಂದಿರ ಹೆಸರು ಅವರ ಭಾಂಡೂಪಿನಲ್ಲಿ. ಹೀಗಿರುವಾಗ ಯಾರು ಯಾರಿಗೆ ಹೊರಗಿನವರು?

ಆ ಶಾಪದ ಕಲ್ಲುಗಳ ಬಗ್ಗೆಯೂ ಒಂದು ಮಾತು. ಮರಾಠಿಯಲ್ಲಿ ಅವನ್ನು ಗದ್ಧೇಗಳ ಎನ್ನುತ್ತಾರೆ. ಮೇಲೆ ಸೂರ್ಯ ಚಂದ್ರ, ನಡುವೆ ಬರಹ, ಕೆಳಗೆ ದಾನವನ್ನು ಕೆಡಿಸಿದವನ ಮನೆಯ ಹೆಣ್ಣಿಗೆ ಕತ್ತೆಯಿಂದ ಆಗುವ ಅವಮಾನದ ಚಿತ್ರ. ನಮ್ಮ ಶಾಸನಗಳು ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂದರೆ ಇಲ್ಲಿನವು ಹೀಗೆ ಹೆದರಿಸುತ್ತವೆ. ಮಾಡಿದವನ ತಪ್ಪಿಗೆ ಮನೆಯ ಹೆಣ್ಣನ್ನು ಎಳೆದು ತರುವ ಈ ಬೈಗುಳದಲ್ಲಿ ಹೆಮ್ಮೆಪಡುವಂಥದ್ದೇನಿಲ್ಲ. ಆದರೆ ಗದ್ಧೇಗಳ, ವೀರಗಳ ಎಂಬ ಈ ಹೆಸರುಗಳ ಕೊನೆಯ 'ಗಳ' ನಮ್ಮ 'ಕಲ್ಲು'. ವೀರಗಲ್ಲು ಎಂಬ ನಮ್ಮ ಮಾತೇ ಮರಾಠಿಯ ವೀರಗಳ. ಅರಸರು ಹೋದರು, ಮಾತು ಉಳಿಯಿತು.

ಕಡಲಲ್ಲಿ ಮುಳುಗಿದ ಅರಸ

ಕೊನೆಯ ದಿನಗಳು ಸುಖದವಲ್ಲ. ಮಲ್ಲಿಕಾರ್ಜುನ ಎಂಬ ಅರಸ 'ರಾಜಪಿತಾಮಹ' ಎಂದು ಬಿರುದು ಧರಿಸಿದ್ದನ್ನು ಗುಜರಾತಿನ ಕುಮಾರಪಾಲ ಸಹಿಸಲಿಲ್ಲ. ಅವನ ದಂಡನಾಯಕ ಆಂಬಡ ಮೊದಲ ಸಲ ಸೋತು ಹಿಂತಿರುಗಿದ. ಎರಡನೆಯ ಸಲ ಬಂದು ಮಲ್ಲಿಕಾರ್ಜುನನನ್ನು ಕೊಂದ ಎಂದು ಗುಜರಾತಿನ ಜೈನ ಲೇಖಕ ಮೇರುತುಂಗ ಬರೆದಿದ್ದಾನೆ. ಮುಂದಿನ ಶತಮಾನದಲ್ಲಿ ದೇವಗಿರಿಯ ಯಾದವರು ಬೆಳೆದರು. 1212ರ ಸುಮಾರಿಗೆ ಯಾದವ ಸಿಂಘಣ ಕೊಲ್ಲಾಪುರದ ಎರಡನೆಯ ಭೋಜನನ್ನು ಸೋಲಿಸಿ ಆ ಮನೆಯನ್ನು ಮುಗಿಸಿದ. ಠಾಣೆ ಇನ್ನೂ ಐವತ್ತು ವರ್ಷ ಉಳಿಯಿತು.

ಕೊನೆಯ ಅರಸ ಸೋಮೇಶ್ವರ. ಉರಣ್ ಬಳಿಯ ರಾಣವಾಡ ಮತ್ತು ಚಾಂಜೆಯಲ್ಲಿ ಅವನ 1259 ಮತ್ತು 1260ರ ಶಾಸನಗಳಿವೆ. ಯಾದವ ಮಹಾದೇವ ಆನೆಗಳ ಸೈನ್ಯದೊಡನೆ ಇಳಿದು ಬಂದ. ನೆಲದ ಮೇಲೆ ಸೋತ ಸೋಮೇಶ್ವರ ಹಡಗು ಹತ್ತಿ ಕಡಲಿಗಿಳಿದ. 1265ರ ಸುಮಾರಿನಲ್ಲಿ ಕಡಲಲ್ಲೇ ಅವನ ಕಥೆ ಮುಗಿಯಿತು. ಯಾದವರ ಮಂತ್ರಿ ಹೇಮಾದ್ರಿ ಇದನ್ನು ಗೆದ್ದವರ ದನಿಯಲ್ಲಿ ಬರೆದಿದ್ದಾನೆ. ಕಡಲಲ್ಲಿ ನುರಿತವನಾದರೂ ಸೋಮೇಶ್ವರ ಸೈನ್ಯದೊಡನೆ ಮುಳುಗಿದ, ಮಹಾದೇವನ ಕೋಪಕ್ಕಿಂತ ಕಡಲೊಳಗಿನ ಬಡಬಾಗ್ನಿಯೇ ಅವನಿಗೆ ಹಿತವೆನಿಸಿತು ಎಂಬುದು ಅದರ ಭಾವ.

ಬೊರಿವಲಿಯ ಎಕ್ಸರದಲ್ಲಿ ಆಳೆತ್ತರದ ವೀರಗಲ್ಲುಗಳಿವೆ. 2022ರಲ್ಲಿ ಶುರುವಾದ ಮೆಟ್ರೋದ ಎಕ್ಸರ್ ಸ್ಟೇಷನ್ ಈ ಊರಿನದೇ. ಕೆಲವು ಕಲ್ಲುಗಳಲ್ಲಿ ಆನೆಗಳ ಯುದ್ಧ, ಕೆಲವದರಲ್ಲಿ ಸಾಲಾಗಿ ಹುಟ್ಟು ಹಾಕುವ ಹಡಗುಗಳ ಯುದ್ಧ. ಮೇಲಿನ ಪಟ್ಟಿಗಳಲ್ಲಿ ಸತ್ತ ವೀರರನ್ನು ಅಪ್ಸರೆಯರು ಕರೆದೊಯ್ಯುವ ಚಿತ್ರ, ಶಿವಲಿಂಗದ ಪೂಜೆ. ಇದು ಸೋಮೇಶ್ವರನ ಕೊನೆಯ ಯುದ್ಧವೇ ಎಂದು ಕೆಲವು ವಿದ್ವಾಂಸರು, ಇನ್ನೂ ಹಳೆಯದೆಂದು ಬೇರೆ ಕೆಲವರು. ಯಾವ ಯುದ್ಧವೇ ಆಗಲಿ, ಭಾರತದಲ್ಲಿ ಕಡಲ ಯುದ್ಧವನ್ನು ಕೊರೆದ ವೀರಗಲ್ಲುಗಳು ಬಹಳ ಅಪರೂಪ.

ಆ ಹಿರಿಯರಿಗೆ ಉತ್ತರ

ಈಗ ಕನ್ನಮವಾರ್ ನಗರದ ಅಜ್ಜನವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೌದು, ಕನ್ನಡ ಮೂಲದ ಮನೆತನವೊಂದು ಈ ನೆಲವನ್ನು ಸುಮಾರು 465 ವರ್ಷ ಆಳಿತು. ನಿಮ್ಮ ಮನೆಯಿಂದ ಕೆಲವೇ ಸ್ಟೇಷನ್ ದೂರದಲ್ಲಿ ಅದರ ಸಾಕ್ಷಿ ಸಿಕ್ಕಿದೆ. ಇದನ್ನು ಮೊಮ್ಮಗನಿಗೆ ಧೈರ್ಯವಾಗಿ ಹೇಳಿ. ಆದರೆ "ನಾವು ಆಳಿದವರು, ಆದ್ದರಿಂದ ಊರು ನಮ್ಮದು" ಎಂದು ಮಾತ್ರ ಹೇಳಿಕೊಡಬೇಡಿ. ಹಾಗೆ ಹೇಳಿದರೆ ಗೆದ್ದ ಯಾದವರೂ, ಆಮೇಲೆ ಬಂದ ಪೋರ್ಚುಗೀಸರೂ, ಇಂಗ್ಲಿಷರೂ ಅದೇ ಮಾತು ಹೇಳಬಹುದು. ಕದಂಬರಿಗೂ ಶಿಲಾಹಾರರಿಗೂ ನಡೆದ ಜಗಳದಲ್ಲಿ ನಾವು ಯಾರ ಕಡೆ ನಿಲ್ಲುವುದು?

ನಿಮ್ಮ ತಂದೆಯವರು ಈ ಊರಿಗೆ ಬಂದದ್ದು ತಾಮ್ರಪಟ ಹಿಡಿದುಕೊಂಡಲ್ಲ, ಕೈಯಲ್ಲಿ ಕೆಲಸ ಹಿಡಿದುಕೊಂಡು. ನೀವು ಕಾರ್ಖಾನೆಯಲ್ಲಿ ದುಡಿದದ್ದು, ಇಲ್ಲಿನ ಮಾತು ಕಲಿತು ನೆರೆಯವರೊಡನೆ ಬಾಳಿದ್ದು, ಮನೆಯಲ್ಲಿ ಕನ್ನಡ ಉಳಿಸಿಕೊಂಡದ್ದು, ಇವೇ ನಿಮ್ಮ ಹಕ್ಕುಪತ್ರ. ಶಿಲಾಹಾರರಿಂದ ನಾವು ಕಲಿಯಬಹುದಾದದ್ದು ಇದೇ ಎಂದು ನನಗೆ ತೋರುತ್ತದೆ. ತಗರಪುರದ ಹೆಸರನ್ನು ಅವರು ಬಿಡಲಿಲ್ಲ, ಠಾಣೆಯ ಜನರ ಮಾತನ್ನೂ ದೂರವಿಡಲಿಲ್ಲ.

ಮೊಮ್ಮಗನನ್ನು ಒಂದು ಭಾನುವಾರ ಅಂಬರನಾಥಕ್ಕೆ ಕರೆದುಕೊಂಡು ಹೋಗಿ. ಅವನ ಮರಾಠಿ ಗೆಳೆಯರನ್ನೂ ಜೊತೆಗೆ ಕರೆದುಕೊಳ್ಳಿ. ಗುಡಿ ಅವರದೂ ಹೌದು.

ಇನ್ನುಳಿದ ಕೇಳುಗರಲ್ಲಿ ಒಂದು ವಿನಂತಿ. ಸಾಷ್ಟಿಯ ಹಳೆಯ ಗಾವಠಾಣಗಳಲ್ಲಿ, ಕೆರೆಯ ದಂಡೆಯಲ್ಲಿ, ಅರಳಿಕಟ್ಟೆಯ ಬುಡದಲ್ಲಿ ಇಂಥ ಕಲ್ಲುಗಳು ಇನ್ನೂ ಇವೆ. ಕೆಲವಕ್ಕೆ ಎಣ್ಣೆಬಣ್ಣ ಬಳಿದು ಅಕ್ಷರ ಮುಚ್ಚಿಹೋಗುತ್ತದೆ, ಕೆಲವು ರಸ್ತೆ, ಕಟ್ಟಡದ ಕೆಲಸದಲ್ಲಿ ಮಣ್ಣಿನಡಿ ಸೇರುತ್ತವೆ. ಸೂರ್ಯ ಚಂದ್ರರ ಗುರುತಿರುವ, ಬರಹ ಇರುವ ಕಲ್ಲು ಕಂಡರೆ ಅದನ್ನು ಅಲುಗಾಡಿಸದೆ ಒಂದು ಫೋಟೋ ತೆಗೆದು ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೋ ತಿಳಿಸಿ. ಭಾಂಡೂಪಿನ ತಾಮ್ರಪಟ ಅಂದು ಕರಗಿ ಪಾತ್ರೆಯಾಗಿದ್ದರೆ ನಾಗಣಯ್ಯ, ಸೀಹಪಯ್ಯರ ಹೆಸರು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ನಾಳೆ ಲೋಕಲಿನಲ್ಲಿ ನಾಹೂರ್ ಬಂದಾಗ ಒಮ್ಮೆ ಕಿಟಕಿಯಿಂದ ಹೊರಗೆ ನೋಡಿ. ಅಲ್ಲೆಲ್ಲೋ ಆಮದೇವಯ್ಯನ ಹೊಲವಿತ್ತು.

ಮತ್ತೆ ಬಾನುಲಿಯಲ್ಲಿ ಭೇಟಿಯಾಗೋಣ. ನಮಸ್ಕಾರ.